ನ್ಯೂಜಿಲೆಂಡಿನಲ್ಲಿ ಟ್ರೇಲರ್ ಕಟ್ಟುವ ಮೊದಲು ಬಾಲ್ ಸೈಜ್ ನೋಡಿ

ನ್ಯೂಜಿಲೆಂಡಿಗೆ ಬಂದ ಸ್ವಲ್ಪ ದಿನಕ್ಕೇ ಎಲ್ಲರಿಗೂ ಒಂದು ಟ್ರೇಲರ್ ಬೇಕಾಗುತ್ತದೆ. ಟ್ರೇಡ್‌ಮಿ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಹಳೇ ಸೋಫಾ ಸಿಕ್ಕಿರುತ್ತದೆ, ಇಲ್ಲವೇ ಮನೆ ಬದಲಾಯಿಸಬೇಕು, ಇಲ್ಲವೇ ಹಿತ್ತಲಿನ ಕಸವನ್ನು ಟ್ರಾನ್ಸ್‌ಫರ್ ಸ್ಟೇಷನ್ನಿಗೆ ಹಾಕಿ ಬರಬೇಕು. ಪೆಟ್ರೋಲ್ ಬಂಕಿನಲ್ಲಿ ಬಾಡಿಗೆಗೆ ಸಿಗುತ್ತದೆ. ಎಷ್ಟೋ ಸಲ ಪಕ್ಕದ ಮನೆಯವರೇ ಕೊಡುತ್ತಾರೆ. ಕಾರಿನ ಲೈಸೆನ್ಸೇ ಸಾಕು, ಬೇರೆ ಪರೀಕ್ಷೆ ಇಲ್ಲ. ಇಷ್ಟು ಸುಲಭವಾಗಿ ಕೈಗೆ ಬರುವುದರಿಂದಲೇ ಹೊಸಬರು ಸರಿಯಾಗಿ ನೋಡದೆ ಹೊರಟುಬಿಡುತ್ತಾರೆ. ಟಯರಿನ ಗಾಳಿ, ಲೈಟು ನೋಡಬೇಕು ಅಂತ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಯಾರೂ ಹೇಳಿಕೊಡದ ವಿಷಯ ಬಾಲ್ ಸೈಜ್.

ಇಲ್ಲಿ ಕಾರಿನ ಹಿಂದಿರುವ ಟೋಬಾಲ್, ಅಂದರೆ ಟ್ರೇಲರ್ ಸಿಕ್ಕಿಸುವ ಲೋಹದ ಗುಂಡು, ಎರಡು ಅಳತೆಯಲ್ಲಿ ಬರುತ್ತದೆ. ಹಳೆಯದು 1⅞ ಇಂಚು, ಅಂದರೆ 47.6 ಮಿಲಿಮೀಟರ್. ಇನ್ನೊಂದು 50 ಮಿಲಿಮೀಟರ್. ಎರಡೂ ಇವತ್ತಿಗೂ ರಸ್ತೆಯಲ್ಲಿವೆ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಕಾರಿನ ಬಾಲ್ 50ರದು, ಅದರ ಮೇಲೆ ಕೂರುವ, ಟ್ರೇಲರಿನ ಮೂತಿಯಲ್ಲಿರುವ ಕಪ್ಲಿಂಗ್ 1⅞ರದು ಅಂದುಕೊಳ್ಳಿ. ಆಗ ಅದು ಕೂರುವುದೇ ಇಲ್ಲ, ಅಲ್ಲೇ ಗೊತ್ತಾಗುತ್ತದೆ. ಅಪಾಯ ಇರುವುದು ಉಲ್ಟಾ ಆದಾಗ. 50ರ ಕಪ್ಲಿಂಗ್ 1⅞ರ ಬಾಲ್ ಮೇಲೆ ಸಲೀಸಾಗಿ ಕೂರುತ್ತದೆ. ಲಿವರ್ ಮುಚ್ಚುತ್ತದೆ. ಪಿನ್ನೂ ಹೋಗುತ್ತದೆ. ನೇರ ರಸ್ತೆಯಲ್ಲಿ ಆರಾಮಾಗಿ ಹಿಂದೆ ಬರುತ್ತದೆ. ಒಂದು ಹಂಪ್ ಸಿಕ್ಕರೆ ಸಾಕು, ಮೂತಿ ಮೇಲಕ್ಕೆ ಎಗರಿ ಬಾಲಿನಿಂದ ಕಳಚಿಕೊಳ್ಳುತ್ತದೆ.

ನಮ್ಮೂರಿನ ಟ್ರ್ಯಾಕ್ಟರ್ ಈ ಲೆಕ್ಕದಲ್ಲಿ ಎಷ್ಟೋ ವಾಸಿ. ಬಳೆಯೊಳಗೆ ಪಿನ್ ಇಳಿದಿದ್ದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಬಾಲ್ ಪೂರ್ತಿ ಕಪ್ಲಿಂಗಿನ ಒಳಗೆ ಅಡಗಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಹ್ಯಾಮಿಲ್ಟನ್ನಿನಲ್ಲಿ ನಮ್ಮ ಪರಿಚಯದ ಹುಡುಗನೊಬ್ಬ ಮನೆ ಬದಲಾಯಿಸುವಾಗ ಹೀಗೇ ಆಯಿತು. ಸ್ನೇಹಿತನ ಟ್ರೇಲರು, ಅದರಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ನು. ಸ್ಕೂಲಿನ ಮುಂದಿನ ಹಂಪ್ ದಾಟುವಾಗ ಟ್ರೇಲರ್ ಕಳಚಿತು. ಚೈನು ಹಿಡಿದುಕೊಂಡಿತು, ಅದೇ ಪುಣ್ಯ. ಆದರೆ ಅವನು ಗಾಬರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದ. ಟ್ರೇಲರಿನ ಮೂತಿ ಬಂದು ಬಂಪರಿಗೆ ಹೊಡೆಯಿತು. ಬಂಪರೂ ಹೋಯಿತು, ಫ್ರಿಜ್ಜೂ ಹೋಯಿತು. ‘ಅಣ್ಣಾ, ಟಕ್ ಅಂತ ಲಾಕ್ ಆಯ್ತಲ್ಲ, ಇನ್ನೇನು ನೋಡ್ಬೇಕಿತ್ತು?’ ಅಂತ ಕೇಳಿದ. ಅವನ ಪ್ರಶ್ನೆ ಸರಿಯಾಗೇ ಇದೆ. ಟಕ್ ಅಂದರೆ ಕೂತಿತು ಅಂತಲೇ ಎಲ್ಲರೂ ನಂಬುತ್ತೇವೆ. ಅದನ್ನು ದಯವಿಟ್ಟು ನಂಬಬೇಡಿ.

ನೋಡಬೇಕಾದ್ದು ಹೀಗೆ. ಬಾಲಿನ ತಲೆಯ ಮೇಲೆ ಸಾಮಾನ್ಯವಾಗಿ ಅಳತೆ ಒತ್ತಿರುತ್ತದೆ. ಗ್ರೀಸಿನ ಕೆಳಗೆ ಮುಚ್ಚಿಹೋಗಿರುತ್ತದೆ, ಬಟ್ಟೆಯಿಂದ ಒರೆಸಿ ಓದಿ. ಕಪ್ಲಿಂಗಿನ ಮೈಮೇಲೂ ಅಳತೆ ಹುಡುಕಿ. ಕೆಲವು ಕಪ್ಲಿಂಗುಗಳು ಎರಡು ಅಳತೆಗೂ ಹೊಂದುತ್ತವೆ. ಬಾಡಿಗೆಗೆ ತರುವುದಾದರೆ ಕೌಂಟರಿನಲ್ಲಿ ‘ಇದು ಯಾವ ಸೈಜು?’ ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಬಾಲ್ ಬದಲಾಯಿಸುವುದು ದೊಡ್ಡ ಕೆಲಸವಲ್ಲ, ಆಟೋ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಕೆಳಗಿನ ನಟ್ಟು ಮಾತ್ರ ಗಟ್ಟಿಯಾಗಿ ಬಿಗಿಯಬೇಕು.

ಅಳತೆ ಸರಿ ಇದ್ದರೂ ಒಂದು ಪರೀಕ್ಷೆ ಮಾಡಿಯೇ ಹೊರಡಿ. ಕಪ್ಲಿಂಗ್ ಲಾಕ್ ಮಾಡಿ, ಪಿನ್ ಹಾಕಿ. ಆಮೇಲೆ ಮುಂದಿನ ಸಣ್ಣ ಚಕ್ರ, ಅಂದರೆ ಜಾಕಿ ವೀಲ್ ಇಳಿಸಿ, ಹಿಡಿ ತಿರುಗಿಸಿ ಮೂತಿಯನ್ನು ಮೇಲೆತ್ತಿ. ಕಾರಿನ ಹಿಂಭಾಗವೂ ಜೊತೆಗೇ ಸ್ವಲ್ಪ ಏಳಬೇಕು. ಮೂತಿ ಒಂದೇ ಎದ್ದು ಬಂದರೆ ಅದು ಕೂತಿಲ್ಲ. ಜಾಕಿ ವೀಲ್ ಇಲ್ಲದ ಸಣ್ಣ ಟ್ರೇಲರಾದರೆ ಕೈಯಲ್ಲೇ ಜೋರಾಗಿ ಎತ್ತಿ ನೋಡಿ. ಪರೀಕ್ಷೆ ಆದ ಮೇಲೆ ಜಾಕಿ ವೀಲ್ ಪೂರ್ತಿ ಮೇಲಕ್ಕೆ ಮಡಚಿ. ಅದನ್ನು ಮರೆತು ರಸ್ತೆಗೆ ಉಜ್ಜಿಸಿಕೊಂಡು ಹೋಗುವವರೂ ಇದ್ದಾರೆ.

ಇನ್ನು ಚೈನು. ಬಾಲಿನ ಕುತ್ತಿಗೆಗೆ ಸುತ್ತಿ ಬಿಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಬಾಲೇ ಕಳಚಿದರೆ ಆ ಚೈನು ಯಾತಕ್ಕೂ ಬರುವುದಿಲ್ಲ. ಬಾಲ್ ಕೂರಿಸಿರುವ ಕಾರಿನ ಹಿಂದಿನ ಕಬ್ಬಿಣದ ಪಟ್ಟಿ, ಅಂದರೆ ಟೋಬಾರಿನಲ್ಲಿ ಅದಕ್ಕೆಂದೇ ತೂತು ಇರುತ್ತದೆ. ಅಲ್ಲಿಗೆ ಡಿ-ಶ್ಯಾಕಲ್ (ತಿರುಪಿನಿಂದ ಮುಚ್ಚುವ ಡಿ ಆಕಾರದ ಕೊಂಡಿ) ಹಾಕಿ ತಿರುಪು ಬಿಗಿಯಿರಿ. ಕಾರು ತಿರುಗುವಾಗ ಎಳೆಯದಷ್ಟು ಉದ್ದ ಸಾಕು, ನೆಲಕ್ಕೆ ತಾಗಬಾರದು. ಎರಡು ಚೈನಿದ್ದರೆ ಕತ್ತರಿಯಾಕಾರದಲ್ಲಿ ಹಾಕಿ, ಮೂತಿ ಬಿದ್ದರೂ ಅದರ ಮೇಲೇ ಬೀಳುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಇಲ್ಲಿ ಟ್ರೇಲರಿಗೆ ಅದರದೇ ನಂಬರ್ ಪ್ಲೇಟು, ಅದರದೇ ರೆಜೋ (ನೋಂದಣಿ), ಅದರದೇ ವಾರೆಂಟ್ ಆಫ್ ಫಿಟ್ನೆಸ್, ಅಂದರೆ ರಸ್ತೆಗೆ ಯೋಗ್ಯ ಅಂತ ತಪಾಸಣೆ ಮಾಡಿ ಕೊಡುವ ಪತ್ರ. ಕಾರಿಗೆ ವಾರೆಂಟ್ ಇದ್ದರೆ ಟ್ರೇಲರಿಗೂ ಆಯಿತು ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 3,500 ಕೆಜಿ ಒಳಗಿನ ಟ್ರೇಲರಿಗೆ ಎಂಒಟಿ ತಪಾಸಣೆಯೇ ಇಲ್ಲ. ಆ ಲೆಕ್ಕಕ್ಕೆ ಇಲ್ಲಿನ ಪದ್ಧತಿಯೇ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ವಾರೆಂಟ್ ಒಂದು ತಿಂಗಳ ಒಳಗಿನದಾಗಿರಬೇಕು. ‘ಇದ್ದ ಹಾಗೇ ತಗೊಳ್ಳುತ್ತೇನೆ’ ಅಂತ ನೀವು ಬರೆದುಕೊಟ್ಟರೆ ಮಾತ್ರ ಆ ನಿಯಮ ಅನ್ವಯಿಸುವುದಿಲ್ಲ. ಹಾಗೆ ಬರೆದುಕೊಡಬೇಡಿ ಅಂತಲೇ ನನ್ನ ಸಲಹೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನ್ಯೂಜಿಲೆಂಡ್ ತುಂಬಾ ಸಡಿಲ. ಬ್ರಿಟನ್ನಿನಲ್ಲಿ 750 ಕೆಜಿ ದಾಟಿದರೆ ಟ್ರೇಲರಿಗೆ ಬ್ರೇಕ್ ಇರಲೇಬೇಕು. ಇಲ್ಲಿ ತುಂಬಿದ ತೂಕ 2,000 ಕೆಜಿ ತನಕ ಬ್ರೇಕ್ ಕಡ್ಡಾಯವಲ್ಲ. ಕಾರು, ಟ್ರೇಲರ್ ಎರಡೂ ಸೇರಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 7 ಮೀಟರಿನೊಳಗೆ ನಿಂತರೆ ಸಾಕು. ನನಗೆ ಇದು ಒಪ್ಪಿಗೆಯಿಲ್ಲ. ಅಷ್ಟು ಭಾರ ಹಿಂದಿನಿಂದ ನೂಕುತ್ತಿದ್ದರೆ ಸಣ್ಣ ಕಾರು ಏನು ಮಾಡೀತು? ನಿಮ್ಮ ಕಾರಿನ ಕೈಪಿಡಿಯಲ್ಲಿ ಬ್ರೇಕ್ ಇಲ್ಲದ ಟ್ರೇಲರಿಗೆ ಬೇರೆ ಮಿತಿ ಕೊಟ್ಟಿರುತ್ತಾರೆ. ಟೋಬಾರಿನ ಪ್ಲೇಟಿನ ಮೇಲೂ ಒಂದು ಮಿತಿ ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ.

ಸಾಮಾನು ತುಂಬುವಾಗ ಭಾರದ್ದು ಆ್ಯಕ್ಸಲಿಗಿಂತ ಸ್ವಲ್ಪ ಮುಂದಿರಲಿ. ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಬಾಲ್ ಮೇಲೆ ಬೀಳಬೇಕು. ಫ್ರಿಜ್ಜನ್ನು ಹಿಂದಿನ ತುದಿಯಲ್ಲಿ ನಿಲ್ಲಿಸಿದರೆ ಮೂತಿ ಮೇಲಕ್ಕೇಳಲು ನೋಡುತ್ತದೆ. ಸಡಿಲ ಕಪ್ಲಿಂಗ್ ಕಳಚುವುದಕ್ಕೆ ಅಷ್ಟು ಸಾಕು. ಟ್ರೇಲರ್ ಓಲಾಡಲು ಶುರುವಾಗುವುದೂ ಇದರಿಂದಲೇ. ಓಲಾಡಿದರೆ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ನೇರ ಹಿಡಿದು ಆಕ್ಸಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಿರಿ. ಹೈವೇಯಲ್ಲಿ ಬೇರೆ ಕಾರುಗಳು 100ರಲ್ಲಿ ಹೋಗುತ್ತಿದ್ದರೂ ಟ್ರೇಲರ್ ಕಟ್ಟಿದವರಿಗೆ ಮಿತಿ 90.

ಹೊರಟು ಸ್ವಲ್ಪ ದೂರ ಹೋದ ಮೇಲೆ ಸುರಕ್ಷಿತ ಜಾಗ ನೋಡಿ ಒಮ್ಮೆ ನಿಲ್ಲಿಸಿ. ಸಾಮಾನು ಅಲುಗಿ ಕೂತ ಮೇಲೆ ಪಟ್ಟಿಗಳು ಸಡಿಲವಾಗಿರುತ್ತವೆ, ಮತ್ತೆ ಬಿಗಿಯಿರಿ. ಟ್ರೇಲರಿನ ಎರಡೂ ಚಕ್ರದ ಹಬ್ (ನಡುಭಾಗ) ಹತ್ತಿರ ಕೈ ಹಿಡಿಯಿರಿ. ಒಂದು ತಣ್ಣಗಿದ್ದು ಇನ್ನೊಂದು ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಹೋಗುತ್ತಿದೆ ಅಂತ ಅರ್ಥ. ಆ ಟ್ರೇಲರನ್ನು ಅಲ್ಲಿಂದ ಮುಂದೆ ಎಳೆಯಬೇಡಿ, ಕೊಟ್ಟವರಿಗೆ ಅಲ್ಲಿಂದಲೇ ಫೋನ್ ಮಾಡಿ.