ಆರ್‌ಡಿ ಪರೀಕ್ಷೆ: ತಕ್ಕಡಿ ಹಿಡ್ಕೊಂಡು ಓದಿ ಪಾಸಾದ ನನ್ನ ಅನುಭವ

ಆರ್‌ಡಿ, ಅಂದ್ರೆ ರಿಜಿಸ್ಟರ್ಡ್ ಡಯಟಿಷಿಯನ್ ಪರೀಕ್ಷೆ, ಪಾಸಾಯ್ತು. ಹೋಟ್ಲು ಅಡುಗೆಮನೆಯಲ್ಲಿ ತಕ್ಕಡಿ ಇಟ್ಕೊಂಡು ಕೂತ್ರೆ ಪರೀಕ್ಷೆ ಆಗುತ್ತಾ ಅಂತ ಕೇಳಿದವರು ಬಹಳ ಜನ, ಆಗುತ್ತೆ, ಹೇಗೆ ಅಂತ ಬರೀತೀನಿ. ಎಂಎಸ್ಸಿ, ಆರು ತಿಂಗಳ ಆಸ್ಪತ್ರೆ ಇಂಟರ್ನ್‌ಶಿಪ್, ಆಮೇಲೆ ಐಡಿಎ (ಇಂಡಿಯನ್ ಡಯೆಟಿಕ್ ಅಸೋಸಿಯೇಷನ್) ನಡೆಸೋ ಈ ಪರೀಕ್ಷೆ, ಈ ದಾರಿ ನಿಮಗೆಲ್ಲ ಗೊತ್ತಿರೋದೇ, ಅದನ್ನ ಮತ್ತೆ ಹೇಳಲ್ಲ.

ಮೊದ್ಲು ದುಡ್ಡಿನ ಮಾತು. ನಮ್ಮನೆ ಡೊಂಬಿವಲಿ, ಎಂಎಸ್ಸಿ ಮಾಡಿದ್ದು ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಜುಹು ಕ್ಯಾಂಪಸ್ಸಲ್ಲಿ, ದಾದರಲ್ಲಿ ಗಾಡಿ ಬದಲಿಸಿ ಸಾಂತಾಕ್ರೂಜ್, ಅಲ್ಲಿಂದ ಬಸ್ಸು, ದಿನಕ್ಕೆ ನಾಲ್ಕು ಗಂಟೆ ಹತ್ರ ಓಡಾಟದಲ್ಲೇ ಹೋಗ್ತಿತ್ತು. ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಇಲ್ಲ. ಒಂದು ಆಸ್ಪತ್ರೆಯವರಂತೂ ನೀವೇ ತಿಂಗಳಿಗೆ ಐದು ಸಾವಿರ ಕಟ್ಟಿ ಅಂದ್ರು, ನಮಸ್ಕಾರ ಹೇಳಿ ಬೇರೆ ಕಡೆ ಸೇರಿದೆ. ಆದ್ರೂ ರೈಲು ಪಾಸು, ಚಹಾ, ಕೋಟು, ಝೆರಾಕ್ಸು ಅಂತ ಆರು ತಿಂಗಳಲ್ಲಿ ಕೈಯಿಂದ 20 ಸಾವಿರ ಹತ್ರ ಹೋಯ್ತು. ಅದರ ಮೇಲೆ ಆನ್‌ಲೈನ್ ಕೋಚಿಂಗು, 14-15 ಸಾವಿರ.

ಆ ಕೋಚಿಂಗ್ ನೋಟ್ಸ್ ನೋಡಿದ್ರೆ ಇವತ್ತೂ ಹೊಟ್ಟೆ ಉರಿಯುತ್ತೆ. 2010ರ ಲೆಕ್ಕಾನೇ ಇತ್ತು ಅದರಲ್ಲಿ, ಗಂಡಸು 60 ಕೆಜಿ, ಕೂತು ಕೆಲಸ ಮಾಡೋನಿಗೆ ದಿನಕ್ಕೆ 2320 ಕ್ಯಾಲೊರಿ. ಐಸಿಎಂಆರ್-ಎನ್‌ಐಎನ್ (ಸರ್ಕಾರದ ಪೋಷಣೆ ಸಂಶೋಧನಾ ಸಂಸ್ಥೆ) 2020ರಲ್ಲೇ ಅದನ್ನ ಬದಲಿಸಿ 65 ಕೆಜಿಗೆ 2110 ಮಾಡಿದೆ, ಹೆಂಗಸರಿಗೆ 55 ಕೆಜಿಗೆ 1660. ಕೇಳಿದ್ರೆ "ಹಳೇದೂ ಬರುತ್ತೆ, ಓದ್ಕೋ" ಅಂದ್ರು. ಆ ಸಲ ಪರೀಕ್ಷೆ ಹೋಯ್ತು, ಕ್ಲಿನಿಕಲ್ ಪರವಾಗಿಲ್ಲ ಅನ್ನೋ ಹಾಗಿತ್ತು, ಕಾಲೆಳೆದಿದ್ದು ಫುಡ್ ಸರ್ವಿಸ್ ಭಾಗ, ಅಂದ್ರೆ ದೊಡ್ಡ ಅಡುಗೆಮನೆ ನಡೆಸೋ ಲೆಕ್ಕ. ಮನೇಲಿ ಮಾವ, "ಸಾಕು ಮಾರಾಯ್ತಿ, ಎರಡು ತಿಂಗಳ ಸರ್ಟಿಫಿಕೇಟ್ ತಗೊಂಡು ಇನ್‌ಸ್ಟಾದಲ್ಲಿ ಡಯಟ್ ಹೇಳು, ಎಲ್ಲರೂ ಅದನ್ನೇ ಅಲ್ವಾ ಮಾಡೋದು" ಅಂದ್ರು. ನಂಗೆ ಅದು ಬೇಡ. ಕಿಡ್ನಿ ಹೋದವರಿಗೆ, ಟ್ಯೂಬಲ್ಲಿ ಊಟ ಹೋಗೋರಿಗೆ ಊಟ ಬರೆಯೋ ಕೆಲಸ ಇದು, ಅದಕ್ಕೆ ಆರು ವರ್ಷ ಓದಿದೀನಿ.

ಇಂಟರ್ನ್‌ಶಿಪ್ಪಲ್ಲೇ ನಂಗೆ ಒಂದು ವಿಷಯ ತಲೆಗೆ ಹೊಕ್ಕಿತ್ತು. ಐಎಫ್‌ಸಿಟಿ 2017ರಲ್ಲಿ, ಅಂದ್ರೆ ಎನ್‌ಐಎನ್‌ನವರ ಆಹಾರ ಪೋಷಕಾಂಶಗಳ ಟೇಬಲಲ್ಲಿ, 528 ಆಹಾರ ಇದೆ ಸರಿ, ಆದ್ರೆ ಅಲ್ಲಿರೋದು ಹೆಚ್ಚುಕಮ್ಮಿ ಎಲ್ಲಾ ಹಸಿ ಸಾಮಾನು, ಎನರ್ಜಿ ಬೇರೆ ಕಿಲೋಜೂಲಲ್ಲಿ, ಕ್ಯಾಲೊರಿ ಬೇಕಂದ್ರೆ 4.184ರಿಂದ ಭಾಗಿಸ್ತಾ ಕೂರ್ಬೇಕು. ಪೇಷಂಟು ಹೇಳೋದು "ಎರಡು ವಾಟಿ ಅನ್ನ, ಒಂದು ವಾಟಿ ಸಾರು". ಆ ವಾಟಿ, ಅಂದ್ರೆ ಬಟ್ಟಲು, ಎಷ್ಟು ಗ್ರಾಂ? ಇದು ಕೈಗೆ ಬರದೆ ಪೇಷಂಟಿನ ಕೇಸಿಗೆ ಊಟದ ಲೆಕ್ಕ ಬಿಡಿಸಿದ್ರೆ ಪೇಪರಲ್ಲಿ ಮಾತ್ರ ಸರಿ ಇರುತ್ತೆ.

ಮಾವಂದು ಘಾಟ್ಕೋಪರಲ್ಲಿ ಸಣ್ಣ ಹೋಟ್ಲು. ಬೆಳಿಗ್ಗೆ ಐದಕ್ಕೆ ಹೋಗಿ ಅಡುಗೆ ಭಟ್ರ ಪಕ್ಕ ನಿಂತ್ಕೊಳ್ತಿದ್ದೆ, ಒಂದೊಂದು ಗ್ರಾಂ ತೋರಿಸೋ ತಕ್ಕಡಿ, ಒಂದು ವಹಿ (ನೋಟ್‌ಬುಕ್). ಹಸಿ ತೂಕ, ಹಾಕಿದ ನೀರು, ಬೆಂದ ತೂಕ, ಬಡಿಸೋ ಸೌಟಿಗೆ ಎಷ್ಟು, ಅಷ್ಟೇ ಬರೆಯೋದು. ನೋಟ್ಸಿನ ಇಡ್ಲಿ 40 ಗ್ರಾಂ, ನಮ್ಮ ಹೋಟ್ಲಿಂದು 60 ದಾಟುತ್ತೆ, ಅಂದ್ರೆ ಶುಗರ್ ಇರೋರು "ಎರಡೇ ಇಡ್ಲಿ" ಅಂದಾಗ ಅವರು ತಿಂದಿದ್ದು ಪುಸ್ತಕದ ಮೂರು. 100 ಗ್ರಾಂ ಕುಚ್ಚಲಕ್ಕಿ ಬಸಿದಾಗ 300ರ ಮೇಲೆ ಬಂತು, ಗಂಜಿ ಆದ್ರೆ ಲೆಕ್ಕಾನೇ ಬೇರೆ. ಮಳೆಗಾಲದ ಕಾಲಿಫ್ಲವರ್ ಒಂದು ಕೆಜಿ ತಂದ್ರೆ ಎಲೆ ದಂಟು ಹುಳ ತೆಗೆದು ಉಳಿಯೋದು ಅರ್ಧ ಕೆಜಿ ಚಿಲ್ಲರೆ, ಎಡಿಬಲ್ ಪೋರ್ಷನ್ (ತಿನ್ನೋಕೆ ಉಳಿಯೋ ಭಾಗ) ಅಂತ ಬಾಯಿಪಾಠ ಮಾಡಿದ್ದು ಅವತ್ತು ಕಣ್ಣಿಗೆ ಬಿತ್ತು. ಭಟ್ರು ಅಕ್ಕಿ ಮೂಟೆ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೀತಾರೆ, ಹಳೇದು ಮುಂದೆ ಹೊಸದು ಹಿಂದೆ. ಇಂಡೆಂಟು (ಬೇಕಾದ ಸಾಮಾನಿನ ಪಟ್ಟಿ), ಸ್ಟೋರು, ಫುಡ್ ಕಾಸ್ಟು, ಎಲ್ಲಾ ಮಾವನ ಗಲ್ಲಾಪೆಟ್ಟಿಗೆ ಪಕ್ಕದ ಚೀಟಿ ಪುಸ್ತಕದಲ್ಲೇ ಕಲಿತೆ. ನನ್ನ ಬ್ಯಾಚಲ್ಲಿ ಫುಡ್ ಸರ್ವಿಸ್ ಭಾಗನ ನನ್ನಷ್ಟು ಆರಾಮಾಗಿ ಬರೆದವರು ಯಾರೂ ಇಲ್ಲ, ಧೈರ್ಯವಾಗಿ ಹೇಳ್ತೀನಿ.

ಮಧ್ಯೆ ಒಂದು ಬೇರೆ ಪ್ರಯೋಗಕ್ಕೂ ಕೈ ಹಾಕಿದೆ. ರಾಗಿ ಅಂಬಲಿ ಟ್ಯೂಬ್ ಫೀಡಿಗೆ ಆಗುತ್ತಾ ಅಂತ. ಕೆಮಿಸ್ಟ್ ಹತ್ರ 14 ನಂಬರ್ ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆಗೆ ಹಾಕೋ ನಳಿಕೆ) ತಂದು ಮನೇಲೇ ಸಿರಿಂಜ್ ಹಾಕಿ ನೋಡಿದೆ. ಮಾಮೂಲಿ ಹಿಟ್ಟಿನದು ತಣ್ಣಗಾಗ್ತಾ ಅಂಟಾಗಿ ಟ್ಯೂಬಲ್ಲೇ ಕಚ್ಕೊಂಡಿತು, ನೀರು ಜಾಸ್ತಿ ಮಾಡಿದ್ರೆ ಕ್ಯಾಲೊರಿ ಇಲ್ಲ. ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿ ಹಿಟ್ಟನ್ನ, ಅಂಬಲಿ ಕುದಿ ಇಳಿದು ಸ್ವಲ್ಪ ಆರಿದ ಮೇಲೆ ಒಂದು ಚಮಚ ಕದಡಿದೆ, ಐದು ನಿಮಿಷದಲ್ಲಿ ತೆಳ್ಳಗಾಯ್ತು. ಮೊಳಕೆಯಲ್ಲಿರೋ ಅಮೈಲೇಸ್ ಅನ್ನೋ ಎನ್‌ಝೈಮ್ ಪಿಷ್ಟನ ಒಡೆಯುತ್ತೆ, ಕುದೀತಿರುವಾಗಲೇ ಹಾಕಿದ್ರೆ ಎನ್‌ಝೈಮ್ ಸತ್ತು ಹೋಗುತ್ತೆ. ಸೋಸಿದ್ರೂ ಕೊನೇಲಿ ತರಿ ಕೂರುತ್ತೆ, ಹಾಗಾಗಿ ಪೇಷಂಟಿಗೆ ಕೊಟ್ಟಿಲ್ಲ, ಬಾಯಲ್ಲಿ ಕುಡಿಯೋ ವಯಸ್ಸಾದವರಿಗೆ ಮಾತ್ರ ಹೇಳ್ತೀನಿ.

ಡಯಾಲಿಸಿಸ್ ವಾರ್ಡಲ್ಲಿ ನಮ್ಮೂರ ಕಡೆಯವರು ಸುಮಾರು ಜನ ಸಿಗ್ತಾರೆ. ನೋಡೋಕೆ ಬರೋ ನೆಂಟರ ಕೈಯಲ್ಲಿ ಎಳನೀರು ಇದ್ದೇ ಇರುತ್ತೆ. ಒಂದು ಲೋಟದಲ್ಲಿ 500 ಮಿಲಿಗ್ರಾಂ ಹತ್ರ ಪೊಟ್ಯಾಸಿಯಂ, ಕಿಡ್ನಿ ಹೋದವರಿಗೆ ಅದು ಹೊರಗೆ ಹೋಗದೆ ಹಾರ್ಟಿಗೇ ಹೊಡೆತ! ಬಸಳೆ ಬಿಡಲ್ಲ ಅಂತ ಹಠ ಹಿಡಿದ ಅಜ್ಜರೊಬ್ರಿಗೆ, ಸಣ್ಣಗೆ ಹೆಚ್ಚಿ ಜಾಸ್ತಿ ನೀರಲ್ಲಿ ಕುದಿಸಿ ಆ ನೀರು ಚೆಲ್ಲಿ, ವಾರಕ್ಕೊಂದು ಸಲ ಸ್ವಲ್ಪ ಅಂತ, ರಿಪೋರ್ಟ್ ನೋಡ್ತಾ, ಡಾಕ್ಟರನ್ನ ಕೇಳಿಯೇ ಬಿಟ್ಟೆ. ಅದಕ್ಕಿಂತ ದೊಡ್ಡ ತೊಂದರೆ ಏನಂದ್ರೆ ಡಯಾಲಿಸಿಸ್ ಶುರುವಾದ ಮೇಲೂ ಮನೆಯವರು ಪ್ರೋಟೀನ್ ಕಮ್ಮಿ ಮಾಡಿ ಅಂತ ಬರೆದಿದ್ದ ಹಳೇ ಚೀಟಿ ನೋಡಿ ಮೀನು ಮೊಟ್ಟೆ ಬಂದ್ ಮಾಡಿರ್ತಾರೆ, ಆವಾಗ ಪ್ರೋಟೀನ್ ದೇಹದ ತೂಕದ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ಇಂಥ ಕೇಸನ್ನ ನಾನು ಎರಡು ಸಲ ಬಿಡಿಸ್ತಿದ್ದೆ, ಒಂದು ಟೇಬಲ್ ನೋಡಿ, ಇನ್ನೊಂದು ನನ್ನ ವಹಿ ನೋಡಿ ಅವರ ಮನೆ ತಟ್ಟೆಗೆ.

ಟೇಬಲ್ ಪೂರ್ತಿ ಬಾಯಿಪಾಠ ಬೇಡ, ಅರವತ್ತು ಆಹಾರ ಸಾಕು. ಯಾವ ಅರವತ್ತು, ಹೇಗೆ ನೆನಪಿಟ್ಟೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಅದಕ್ಕೆ ನಾಲ್ಕೈದು ತಿಂಗಳ ನಿದ್ದೆ ಹೋಗಿದೆ.

ಮೊದ್ಲು 18 ಸಾವಿರ ಸಂಬಳ ಹೇಳ್ತಿದ್ದ ಕಡೆ ಈಗ 27-28 ಹೇಳ್ತಿದಾರೆ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಪಟ್ಟಿಯಲ್ಲೂ ಡಯಟಿಷಿಯನ್ ಇದೆ, ಕಾಗದ ಪತ್ರ ಸರಿ ಇರೋರಿಗೆ ಬೆಲೆ ಬರುತ್ತೆ ಅಂತ ನಂಗೆ ನಂಬಿಕೆ. ಅಮೆರಿಕಕ್ಕೆ ಹೋಗೋ ಯೋಚನೆ ಇರೋರು ಗಮನಿಸಿ, ಅಲ್ಲಿ ಪರೀಕ್ಷೆ ಬೇರೆ, 2024ರಿಂದ ಮಾಸ್ಟರ್ಸ್ ಇಲ್ದೆ ಕೂರೋಕೂ ಬಿಡಲ್ಲ.

ನನ್ನ ವಹಿ ಕೇಳ್ಬೇಡಿ, ನಿಮ್ಮನೆ ಬಟ್ಟಲು ಸೌಟಿಗೆ ಅದು ಹೊಂದಲ್ಲ. ತಕ್ಕಡಿ 500-600 ರೂಪಾಯಿಗೆ ಸಿಗುತ್ತೆ, ಸ್ಪ್ರಿಂಗಿನದು ಬೇಡ, ಡಿಜಿಟಲ್ ತಗೊಳ್ಳಿ, ಸ್ಟೀಲ್ ಪಾತ್ರೆ ಇಟ್ಟು ಸೊನ್ನೆ ಮಾಡೋ ಬಟನ್ ಇದೆಯಾ ಅಂತ ನೋಡ್ಕೊಳ್ಳಿ.