‘ಮಿಸ್, ಇವನು ಹೊಡ್ದ’: ನಲಿ-ಕಲಿ ಕೋಣೆಯ ನನ್ನ ಅನುಭವ

ನಲಿ-ಕಲಿ ಅಂದರೆ ಸಣ್ಣ ಕ್ಲಾಸಿನ ಮಕ್ಕಳು ಕಾರ್ಡ್ ಹಿಡಿದು ತಾವೇ ಕಲಿಯುವ ಪದ್ಧತಿ. ಅಂಥ ಕೋಣೆಯಲ್ಲಿ ಒಂದು ಬೆಳಗ್ಗೆ ಕೂತು ನೋಡಿ. ‘ರ ಗ ಸ ದ ಅ’ ಅನ್ನುವ ಅಕ್ಷರಪಾಠಕ್ಕಿಂತ ಜಾಸ್ತಿ ಕಿವಿಗೆ ಬೀಳುವುದು ದೂರು. ‘ಮಿಸ್, ಇವನು ಹೊಡ್ದ.’ ‘ಮಿಸ್, ಅವಳು ನನ್ನ ಕಾರ್ಡ್ ಕಿತ್ಕೊಂಡ್ಳು.’ ‘ಮಿಸ್, ಇವನು ನಾಲಿಗೆ ತೋರಿಸ್ತಾನೆ.’ ಅರಸೀಕೆರೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವಳು ನಾನು. ಆರು ವರ್ಷದವರೂ ಇದ್ದಾರೆ, ಎಂಟು ದಾಟಿದವರೂ ಇದ್ದಾರೆ. ಜಗಳ ಆಗದಿದ್ದರೇ ಆಶ್ಚರ್ಯ.

ಇವಕ್ಕೆಲ್ಲ ನಾನೇ ಕೂತು ನ್ಯಾಯ ಹೇಳುವುದಿಲ್ಲ. ಯಾರು ಮೊದಲು ಹೊಡೆದದ್ದು ಅಂತ ಹುಡುಕಲು ಹೊರಟರೆ ಆ ದಿನ ಮುಗಿದ ಹಾಗೆ. ನಿನ್ನೆ ಕೆರೆ ಏರಿ ಮೇಲೆ ಆದದ್ದು, ಇವರ ಅಜ್ಜಿ ಅವರ ಅಜ್ಜಿಗೆ ಬೈದದ್ದು, ಎಲ್ಲ ಹೊರಗೆ ಬರುತ್ತದೆ! ಅದಕ್ಕೇ ದೂರು ತಂದ ಮಗುವನ್ನು ಕರೆದುಕೊಂಡು ಹೋಗಿ ಇನ್ನೊಂದು ಮಗುವಿನ ಎದುರಿಗೇ ಕೂರಿಸುತ್ತೇನೆ. ‘ನನಗೆ ಹೇಳಿದ್ದನ್ನ ಅವನಿಗೇ ಹೇಳು’ ಅನ್ನುತ್ತೇನೆ. ಮೊದಮೊದಲು ಬಾಯೇ ಬಿಡುವುದಿಲ್ಲ. ಆಗ ಮಾತನ್ನು ನಾನೇ ಹೇಳಿಕೊಡುತ್ತೇನೆ: ‘ಈ ಕಾರ್ಡ್ ನೋಡ್ಕೊಂಡು ನಾನು ಬರೀತಿದ್ದೆ. ಮುಗಿದ ಮೇಲೆ ಕೊಡ್ತೀನಿ. ಕಿತ್ಕೋಬೇಡ.’ ಮಗು ಅದನ್ನೇ ಒಪ್ಪಿಸುತ್ತದೆ. ಆ ವಯಸ್ಸಿನಲ್ಲಿ ಕೈ ಮುಂದೆ, ಮಾತು ಹಿಂದೆ. ಮಾತು ಬಾಯಿಗೆ ಬಂದಷ್ಟೂ ಕೈ ಸುಮ್ಮನಾಗುತ್ತದೆ. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಅರ್ಧ ಜಗಳ ನನ್ನ ತನಕ ಬರುವುದೇ ಇಲ್ಲ.

ಇದಕ್ಕೆ ನಲಿ-ಕಲಿಯ ಪದ್ಧತಿಯೂ ಅನುಕೂಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಯಾವ ಕಾರ್ಡ್ ಆದ ಮೇಲೆ ಯಾವುದು ಅಂತ ತೋರಿಸುವ ಕಲಿಕಾ ಏಣಿ ನೋಡಿಕೊಂಡು ಮಗುವೇ ತನ್ನ ಕಾರ್ಡ್ ತೆಗೆದುಕೊಳ್ಳಬೇಕು, ಮುಗಿದ ಮೇಲೆ ಅದೇ ಟ್ರೇಗೆ ವಾಪಸ್ ಇಡಬೇಕು. ತಪ್ಪಾದ ಟ್ರೇಗೆ ಇಟ್ಟರೆ ಮುಂದಿನವನಿಗೆ ಸಿಗುವುದಿಲ್ಲ, ಅವನೇ ಬಂದು ಕೇಳುತ್ತಾನೆ. ಶಿಸ್ತಿನ ಬಗ್ಗೆ ನಾನು ಬೇರೆ ಭಾಷಣ ಮಾಡುವುದು ಯಾಕೆ, ಅಲ್ವಾ?

‘ಸಾರಿ ಹೇಳು’ ಅಂತಲೂ ಒತ್ತಾಯ ಮಾಡುವುದಿಲ್ಲ. ನೆಲ ನೋಡಿಕೊಂಡು ‘ಸಾರಿ’ ಅಂದು ಓಡಿಹೋಗುವುದನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಪುಸ್ತಕ ಹರಿದವನು ಗೋಂದು ಹಚ್ಚಿ ಅಂಟಿಸಬೇಕು. ಹಾಲು ಚೆಲ್ಲಿದವಳು ಬಟ್ಟೆ ತಂದು ಒರೆಸಬೇಕು. ಅಷ್ಟೇ.

ಹಾಲು ಅಂದೆನಲ್ಲ. 2013ರಲ್ಲಿ ಸರ್ಕಾರದ ಕ್ಷೀರಭಾಗ್ಯ ಯೋಜನೆ ಬಂದಾಗಿನಿಂದ ಶಾಲೆಗಳಲ್ಲಿ ಬಿಸಿ ಹಾಲು ಕೊಡುತ್ತೇವೆ, ಒಬ್ಬರಿಗೆ 150 ಮಿಲಿ ಲೀಟರ್. ಆ ಹೊತ್ತಿನ ನೂಕಾಟ ಹೇಳತೀರದು. ‘ಸಾಲಾಗಿ ನಿಲ್ಲಿ’ ಅಂತ ಕೂಗಿದರೆ ಗಂಟಲು ನೋವು ಬರುತ್ತದೆಯೇ ಹೊರತು ಸಾಲು ಬರುವುದಿಲ್ಲ. ನಾನು ಜಗಲಿ ಮೇಲೆ ಸೀಮೆಸುಣ್ಣದಲ್ಲಿ ದುಂಡು ಬರೆದೆ, ತಲೆಗೊಂದು. ದುಂಡಿನೊಳಗೆ ಕಾಲಿಡಬೇಕು. ಇವತ್ತು ಕೊನೆಯ ದುಂಡಿನಲ್ಲಿದ್ದವರು ನಾಳೆ ಮೊದಲನೆಯದರಲ್ಲಿ. ಲೋಟ ಹಂಚುವುದು ಮೂರನೇ ಕ್ಲಾಸಿನ ಒಬ್ಬರ ಪಾಳಿ, ಅವರು ಕುಡಿಯುವುದು ಎಲ್ಲರದೂ ಆದ ಮೇಲೆ. ಯಾವಾಗಲೂ ಎಲ್ಲರನ್ನೂ ನೂಕಿಕೊಂಡು ಬರುತ್ತಿದ್ದ ಹುಡುಗನಿಗೇ ಮೊದಲ ಪಾಳಿ ಕೊಟ್ಟೆ. ಅವನು ಪ್ರತಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು, ‘ಬಿಸಿ ಐತೆ, ಊದ್ಕೊಂಡು ಕುಡಿ’ ಅಂತ ಒಬ್ಬೊಬ್ಬರಿಗೂ ಹೇಳಿ ಕೊಟ್ಟ. ನಾನು ‘ಜಾಣ ಮರಿ’ ಅನ್ನಲಿಲ್ಲ. ‘ಒಂದು ತೊಟ್ಟೂ ಚೆಲ್ಲದೆ ಕೊಟ್ಟೆ ನೋಡು’ ಅಂದೆ. ಜಾಣ ಅನ್ನಿಸಿಕೊಂಡ ಮಗುವಿಗೆ ಏನು ಮಾಡಿದ್ದಕ್ಕೆ ಜಾಣ ಅಂತ ಗೊತ್ತಾಗುವುದಿಲ್ಲ. ಮಾಡಿದ ಕೆಲಸವನ್ನೇ ಎತ್ತಿ ಹೇಳಿದರೆ ನಾಳೆಯೂ ಅದನ್ನೇ ಮಾಡುತ್ತದೆ.

ವಾಸನೆ ರಬ್ಬರಿನ ಕಾಟ ಎಲ್ಲ ಟೀಚರಿಗೂ ಗೊತ್ತಿರುವುದೇ. ಒಬ್ಬಳು ಸ್ಟ್ರಾಬೆರಿ ವಾಸನೆಯದು ತಂದರೆ ಸಾಕು, ಮಧ್ಯಾಹ್ನದೊಳಗೆ ಮಾಯ. ನಾನು ‘ಕಳ್ಳ’ ಅನ್ನುವ ಮಾತನ್ನು ಕ್ಲಾಸಿನಲ್ಲಿ ಆಡುವುದಿಲ್ಲ, ಮಕ್ಕಳಿಗೂ ಆಡಲು ಬಿಡುವುದಿಲ್ಲ. ಬ್ಯಾಗು ಜಾಲಾಡುವುದೂ ಇಲ್ಲ. ಕಿಟಕಿ ಮೇಲೆ ಒಂದು ಹಳೇ ಡಬ್ಬಿ ಇದೆ. ಸಿಕ್ಕಿದ್ದನ್ನು ಅದರೊಳಗೆ ಹಾಕಬೇಕು. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಅಂತ ಯಾರೂ ಕೇಳುವಂತಿಲ್ಲ. ಮಾರನೇ ದಿನ ಬೆಳಗ್ಗೆ ರಬ್ಬರು ಡಬ್ಬಿಯಲ್ಲಿರುತ್ತದೆ. ಕೆಲವು ಸಲ ಒಂದು ಮೂಲೆ ಕಚ್ಚಿ ನೋಡಿದ ಗುರುತೂ ಇರುತ್ತದೆ!

ಮನೆಯವರ ಜೊತೆಗಿನ ಕೆಲಸ ಇದಕ್ಕಿಂತ ಕಷ್ಟ. ‘ಎರಡು ಬಾರಿಸಿ ಮಿಸ್, ನಾವೇನೂ ಕೇಳಲ್ಲ’ ಅನ್ನುವವರು ಈಗಲೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ಆದರೆ ಕಾನೂನು ಹೇಳಿದರೆ ಅವರು ಸುಮ್ನೆ ತಲೆಯಾಡಿಸುತ್ತಾರೆ, ಅಷ್ಟೇ. ಅದಕ್ಕೆ ನಾನು ಕೇಳುವುದು ಒಂದೇ: ‘ನೀವು ಹೊಡೆದ್ರಲ್ಲ, ಆಮೇಲೆ ಬಿಟ್ನಾ?’ ‘ಎಲ್ಲಿ ಬಿಡ್ತಾನೆ ಮಿಸ್!’ ಅಲ್ಲಿಂದ ಮಾತು ಮುಂದುವರಿಯುತ್ತದೆ.

‘ತಡಿ, ನಿಮ್ಮ ಮಿಸ್ಸಿಗೆ ಹೇಳ್ತೀನಿ’ ಅಂತ ಹೆದರಿಸಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ರಾತ್ರಿ ಊಟ ಮಾಡದ ಮಗುವಿಗೆ ನಾನು ಗುಮ್ಮ ಆದರೆ, ಬೆಳಗ್ಗೆ ಅದು ನನ್ನ ಪಕ್ಕ ಬಂದು ಕೂತು ಓದುವುದು ಹೇಗೆ? ಬೈಯುವ ಬದಲು ಮನೆಯಲ್ಲಿ ಮಗುವಿಗೇ ಅಂತ ಒಂದು ಕೆಲಸ ಕೊಡಿ ಅನ್ನುತ್ತೇನೆ. ಚಾಪೆ ಹಾಸಲಿ, ತಿಂದ ತಟ್ಟೆ ತೊಳೆದು ಬೋರಲು ಹಾಕಲಿ. ಗಂಡು ಮಗುವಿಗೂ.

ನಿಜ ಹೇಳುವುದರ ಪಾಠ ಮಾತ್ರ ಎಲ್ಲದಕ್ಕಿಂತ ಕಷ್ಟದ್ದು. ಒಬ್ಬ ಹುಡುಗ ಕ್ಲಾಸಿನಲ್ಲೇ ಹೇಳಿಬಿಟ್ಟ: ‘ಮಿಸ್, ಸಂಘದ ದುಡ್ಡು ಕೇಳೋರು ಬಂದ್ರೆ ನಮ್ಮಮ್ಮ ಒಳಗೇ ಇದ್ರೂ ಇಲ್ಲ ಅಂತ ಹೇಳು ಅಂತಾರೆ.’ ಆ ತಾಯಿ ಸಿಕ್ಕಾಗ, ‘ಮಗೂನ ಬಾಗಿಲಿಗೆ ಕಳಿಸಬೇಡಿ ಅಕ್ಕ, ಮುಂದಿನ ವಾರ ಕೊಡ್ತೀನಿ ಅಂತ ನೀವೇ ಹೇಳಿ’ ಅಂದೆ. ಅವರು ನಕ್ಕರು. ‘ನೀವೊಂದ್ಸಲ ಅವರ ಮುಂದೆ ನಿಂತು ನೋಡಿ ಮಿಸ್, ಗೊತ್ತಾಗುತ್ತೆ.’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ವಸೂಲಿಯವರು ಬರುವ ಹೊತ್ತಿಗೆ ಹುಡುಗನನ್ನು ಅಜ್ಜಿ ಜೊತೆ ಹಸು ಹೊಡೆದುಕೊಂಡು ಬರಲು ಕಳಿಸುತ್ತಾರಂತೆ. ಅಷ್ಟಾದರೂ ಆಯಿತಲ್ಲ.