ರೋಟಾವೇಟರ್ ಎತ್ತಿದಾಗ ಮುಂದಿನ ಗಾಲಿ ಏಳುತ್ತಿದ್ದದ್ದು ಹೇಗೆ ನಿಂತಿತು

ಆಳಂದ ಕಡೆ ನಮ್ಮದು ಎರೆ ಹೊಲ. ತೊಗರಿ ರಾಶಿ ಮುಗಿದ ಮೇಲೆ ಟ್ರ್ಯಾಕ್ಟರ್ ಹಿಂದೆ ರೋಟಾವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಕಟ್ಟಿಕೊಂಡು ಬೇರೆಯವರ ಹೊಲಕ್ಕೂ ಬಾಡಿಗೆಗೆ ಹೋಗುತ್ತೇನೆ. ಹೊಲದಲ್ಲಿ ಏನೂ ತೊಂದರೆ ಇರಲಿಲ್ಲ. ರಸ್ತೆಗೆ ಬಂದು ಲಿಫ್ಟ್‌ನಿಂದ ಅದನ್ನು ಮೇಲೆತ್ತಿದರೆ ಸ್ಟೇರಿಂಗ್ ಹಗುರಾಗುತ್ತಿತ್ತು. ಹಳ್ಳ ದಾಟಿ ದಿಬ್ಬ ಏರುವಾಗಂತೂ ಮುಂದಿನ ಗಾಲಿ ನೆಲ ಬಿಡುತ್ತಿತ್ತು. ಶಾಲೆ ಮಕ್ಕಳು ನಡೆಯುವ ದಾರಿ ಅದು. ಸುಮ್ನೆ ಬಿಡುವ ಮಾತಲ್ಲ.

ಭಾರವೆಲ್ಲ ಹಿಂದಿನ ಆಕ್ಸಲ್‌ನ ಆಚೆ ತೂಗುತ್ತದೆ, ಏತದ ಹಾಗೆ ಮೂತಿ ಮೇಲೇಳುತ್ತದೆ. ಟ್ರ್ಯಾಕ್ಟರ್ ತೂಕದ ಕನಿಷ್ಠ ಶೇ 20ರಷ್ಟು ಮುಂದಿನ ಗಾಲಿಗಳ ಮೇಲೆ ಉಳಿಯಬೇಕು. ಹಿಂದಿನ ಟೈರಿಗೆ ನೀರು ತುಂಬಿಸಿದರೆ ಸಾಕಲ್ವಾ ಎಂದು ಜನ ಕೇಳುತ್ತಾರೆ. ಆ ನೀರು ಹಿಂದಿನ ಗಾಲಿಗೆ ಹಿಡಿತ ಕೊಡುತ್ತದೆಯೇ ಹೊರತು ಮೂತಿಯನ್ನು ಒತ್ತುವುದಿಲ್ಲ. ಹಾಗಾಗಿ ಕಂಪನಿಯ ಕಬ್ಬಿಣದ ವೇಟ್‌ಗಳನ್ನೇ ಮುಂದಿನ ಬಂಪರ್‌ಗೆ ಬೋಲ್ಟ್ ಹಾಕಿಸಿದೆ. ಈಗ ದಿಬ್ಬದಲ್ಲೂ ಸ್ಟೇರಿಂಗ್ ಕೈಗೆ ಸಿಗುತ್ತದೆ.

ಇನ್ನೊಂದು ಕಾಟ ಓಲಾಟ. ತಿರುವಿನಲ್ಲಿ ರೋಟಾವೇಟರ್ ಒಂದು ಕಡೆಗೆ ವಾಲಿ, ಅದನ್ನು ಹಿಡಿದಿರುವ ಲಿಂಕ್ (ಕೆಳಗಿನ ಕಬ್ಬಿಣದ ತೋಳು) ಟೈರಿಗೆ ಉಜ್ಜಿ ರಬ್ಬರ್ ಮೇಲೆ ಗೀರು ಬಿದ್ದಿತ್ತು. ಓಲಾಟ ತಡೆಯುವ ಎರಡೂ ಕಡೆಯ ಚೆಕ್ ಚೈನ್ ಸಮನಾಗಿ ಬಿಗಿದೆ, ಉಜ್ಜುವ ಸದ್ದೂ ನಿಂತಿತು. ಟಾಪ್ ಲಿಂಕ್ (ರೋಟಾವೇಟರ್ ಅನ್ನು ಮೇಲಿಂದ ಹಿಡಿಯುವ ಸರಳು) ಸ್ವಲ್ಪ ಗಿಡ್ಡ ಮಾಡಿದ್ದರಿಂದ ರೋಟಾವೇಟರ್‌ನ ಹಿಂಭಾಗ ರಸ್ತೆ ಉಬ್ಬಿಗೆ ತಾಗುವುದಿಲ್ಲ.

ಹೊಲ ಬಿಡುವ ಮುಂಚೆ ಪಿಟಿಒ (ಇಂಜಿನ್ ಶಕ್ತಿಯಿಂದ ರೋಟಾವೇಟರ್ ತಿರುಗಿಸುವ ಶಾಫ್ಟ್) ಬಂದ್ ಮಾಡಿ, ಎರಡೂ ಬ್ರೇಕ್ ಪೆಡಲ್ ಕೊಂಡಿ ಹಾಕಿ ಜೋಡಿಸುತ್ತೇನೆ. ಒಂದೇ ಗಾಲಿಗೆ ಬ್ರೇಕ್ ಹತ್ತಿದರೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಗಿರಕ್ಕನೆ ತಿರುಗುತ್ತದೆ. ಚಹಾಕ್ಕೆ ನಿಲ್ಲಿಸಿದರೂ ರೋಟಾವೇಟರ್ ನೆಲಕ್ಕೆ ಇಳಿಸಿಯೇ ಇಂಜಿನ್ ಆಫ್ ಮಾಡುತ್ತೇನೆ. ಎತ್ತಿದ ಭಾರದ ಕೆಳಗೆ ಯಾರನ್ನೂ ಕೂರಲು ಬಿಡುವುದಿಲ್ಲ.